ಸಲಹೆ ಅಂಗಡಿಯಲ್ಲಿ, ಫಿಲ್ಟರ್ ಆ್ಯಪ್‌ನಲ್ಲಿ: ಅಕ್ವೇರಿಯಂ ಅಂಗಡಿಗಳ ಕಷ್ಟ ಎಲ್ಲಿಂದ ಶುರುವಾಯ್ತು?

ಶನಿವಾರ ಸಂಜೆ ನಮ್ಮ ಬಡಾವಣೆಯ ಅಕ್ವೇರಿಯಂ ಅಂಗಡಿಗೆ ಹೋಗಿದ್ದೆ. ಅಂಗಡಿ ಅಂದರೆ ಹತ್ತಡಿ ಅಗಲದ ಒಂದು ಮಳಿಗೆ ಅಷ್ಟೇ. ಎರಡೂ ಗೋಡೆಗೆ ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡ್, ಅದರ ತುಂಬಾ ಗಾಜಿನ ಟ್ಯಾಂಕು, ನೆಲದಲ್ಲಿ ಯಾವಾಗಲೂ ಒಂದಿಷ್ಟು ನೀರು. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಬಂದು ಮೊಬೈಲ್‌ನಲ್ಲಿ ಫೋಟೋ ತೋರಿಸಿದ. ಅವನ ಮೀನಿನ ಮೈಮೇಲೆಲ್ಲ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ.

"ಮನೇಲಿ ಯಾವ ನೀರು? ಕಾವೇರಿನಾ, ಬೋರ್‌ವೆಲ್ಲಾ?" ಅಂಗಡಿಯವರು ಕೇಳಿದರು.

"ಮಿಕ್ಸ್ ಬರುತ್ತೆ ಅಣ್ಣಾ."

"ಹೊಸ ಮೀನು ಯಾವಾಗ ಬಿಟ್ರಿ? ಹೀಟರ್ ಇದೆಯಾ?"

ಹತ್ತು ನಿಮಿಷ ಹೀಗೇ ನಡೆಯಿತು. ಹೀಟರ್ ಹಾಕಿ ನೀರನ್ನು ನಿಧಾನಕ್ಕೆ ಬೆಚ್ಚಗೆ ಮಾಡಿ, ಉಪ್ಪು ಇಷ್ಟು ಹಾಕಿ, ಫಿಲ್ಟರ್ ಒಳಗಿನ ಕಾರ್ಬನ್ ತೆಗೆದು ಔಷಧಿ ಹಾಕಿ, ಚುಕ್ಕೆ ಹೋಯ್ತು ಅಂತ ಎರಡನೇ ದಿನಕ್ಕೇ ನಿಲ್ಲಿಸಬೇಡಿ. ಹುಡುಗ ಎಲ್ಲ ಕೇಳಿಸಿಕೊಂಡ. ಹೀಟರ್ ಎಷ್ಟು, ಔಷಧಿ ಎಷ್ಟು ಅಂತ ವಿಚಾರಿಸಿದ. ಬಾಟಲಿಯ ಲೇಬಲ್ಲಿನ ಒಂದು ಫೋಟೋ ತೆಗೆದುಕೊಂಡ. ಮೊಬೈಲ್ ಮೇಲೆ ಎರಡು ಸಲ ಬೆರಳಾಡಿಸಿ, "ಸರಿ ಅಣ್ಣಾ, ಬರ್ತೀನಿ" ಅಂದು ಹೊರಟ.

"ನಾಳೆ ಬೆಳಗ್ಗೆ ಅವ್ರ ಮನೆಗೆ ಡೆಲಿವರಿ ಬರುತ್ತೆ ಬಿಡಿ ಸಾರ್" ಅಂದರು ಅಂಗಡಿಯವರು. ಸಿಟ್ಟೇನೂ ಇರಲಿಲ್ಲ. ಮತ್ತೆ ಬಲೆ ಹಿಡಿದು ಸತ್ತ ಗಪ್ಪಿ ಮೀನೊಂದನ್ನು ಎತ್ತಿ ಹಾಕಿದರು.

ಆ ಹತ್ತು ನಿಮಿಷಕ್ಕೆ ಬೆಲೆ ಎಷ್ಟು? ಅಂಗಡಿಯ ಯಾವ ರಸೀದಿಯಲ್ಲೂ ಅದು ಇಲ್ಲ. ಆನ್‌ಲೈನ್ ಬಂದ ಮೇಲೆ ಅಕ್ವೇರಿಯಂ ಅಂಗಡಿಗಳಿಗೆ ಏನಾಯ್ತು ಅನ್ನುವುದಕ್ಕೆ ನನಗೆ ಸಿಗುವ ಉತ್ತರ ಅಲ್ಲೇ ಇದೆ. ಈ ಅಂಗಡಿಗಳು ನಿಜವಾಗಿ ಮಾರುತ್ತಿದ್ದದ್ದು ತಿಳಿವಳಿಕೆ. ದುಡ್ಡು ತೆಗೆದುಕೊಳ್ಳುತ್ತಿದ್ದದ್ದು ಡಬ್ಬಗಳಿಗೆ. ಫಿಲ್ಟರ್ ಡಬ್ಬ, ಆಹಾರದ ಡಬ್ಬ, ಲೈಟಿನ ಡಬ್ಬ. ಡಬ್ಬ ಮಾರುವ ಕೆಲಸವನ್ನು ಬೇರೆಯವರು ಅಗ್ಗದಲ್ಲಿ ಮಾಡತೊಡಗಿದರು. ತಿಳಿವಳಿಕೆ ಮಾತ್ರ ಇನ್ನೂ ಅಂಗಡಿಯಲ್ಲೇ ಪುಕ್ಕಟೆ ಸಿಗುತ್ತಿದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಫಿಲ್ಟರ್ ಅಂಗಡಿಗೆ 400 ರೂಪಾಯಿಗೆ ಬೀಳುತ್ತದೆ, 600ಕ್ಕೆ ಮಾರುತ್ತಾರೆ ಅಂದುಕೊಳ್ಳಿ. ಬಾಡಿಗೆ 20,000 ಇದ್ದರೆ ಬಾಡಿಗೆ ಹುಟ್ಟಲು ತಿಂಗಳಿಗೆ ಇಂಥ 100 ವಸ್ತು ಹೋಗಬೇಕು. ಅದೇ ಫಿಲ್ಟರ್ ಆನ್‌ಲೈನಲ್ಲಿ 450ಕ್ಕೆ ಸಿಗುತ್ತಿದೆ. ಅದಕ್ಕೆ ಸರಿಸಾಟಿ ಮಾಡಲು ಹೋದರೆ ಉಳಿಯುವುದು 50 ರೂಪಾಯಿ. ಆಗ 400 ವಸ್ತು ಮಾರಬೇಕು. ಹತ್ತಡಿ ಅಂಗಡಿಗೆ ತಿಂಗಳಿಗೆ 400 ಫಿಲ್ಟರ್ ಗಿರಾಕಿ ಎಲ್ಲಿಂದ ಬರ್ತಾರೆ?

ಹಾಗಾದರೆ ಮೀನಿನಲ್ಲಿ ಲಾಭ ಇಲ್ವಾ ಅಂತ ಕೇಳಬಹುದು. ಇದೆ, ಆದರೆ ಅದು ಕಾಗದದ ಮೇಲಿನ ಲಾಭ. ಮೀನು ಬಂದ ದಿನದಿಂದ ಮಾರಾಟವಾಗುವ ದಿನದವರೆಗೆ ತಿನ್ನುತ್ತದೆ, ಗಲೀಜು ಮಾಡುತ್ತದೆ, ಕಾಯಿಲೆ ಬೀಳುತ್ತದೆ, ಸಾಯುತ್ತದೆ. ಪಂಪುಗಳು ದಿನಕ್ಕೆ 24 ಗಂಟೆ ಓಡಬೇಕು, ಅದೂ ಅಂಗಡಿಯ ಕಮರ್ಷಿಯಲ್ ಕರೆಂಟ್ ದರದಲ್ಲಿ. ಕರೆಂಟ್ ಹೋದರೆ ಇನ್ವರ್ಟರ್. ಭಾನುವಾರವೂ ಬಾಗಿಲು ಹಾಕುವಂತಿಲ್ಲ. ಫಿಲ್ಟರ್ ಆದರೆ ಗೋದಾಮಿನ ಮೂಲೆಯಲ್ಲಿ ಆರು ತಿಂಗಳು ಧೂಳು ತಿನ್ನುತ್ತಾ ಕೂತಿರುತ್ತದೆ, ಅದಕ್ಕೆ ಊಟ ಹಾಕಬೇಕಿಲ್ಲ. ಅಂಗಡಿಗಳ ಲೆಕ್ಕ ಮೊದಲಿನಿಂದಲೂ ಹೀಗಿತ್ತು: ಮೀನು ಜನರನ್ನು ಒಳಗೆ ಕರೆತರುತ್ತದೆ, ಡಬ್ಬ ಬಾಡಿಗೆ ಕಟ್ಟುತ್ತದೆ. ಆನ್‌ಲೈನ್ ಕಿತ್ತುಕೊಂಡದ್ದು ಬಾಡಿಗೆ ಕಟ್ಟುವ ಭಾಗವನ್ನು. ಸಾಯುವ ಭಾಗ ಅಂಗಡಿಯವರ ಪಾಲಿಗೆ ಉಳಿಯಿತು.

ಈಗ ಆ ಭಾಗಕ್ಕೂ ಪೈಪೋಟಿ ಬಂದಿದೆ. ಇದು ಸ್ವಲ್ಪ ವಿವರವಾಗಿ ನೋಡಬೇಕಾದ ವಿಷಯ.

ಬೆಂಗಳೂರಿನ ಶಿವಾಜಿನಗರದ ಕಡೆಯ ಅಂಗಡಿಗಳಿರಲಿ, ಬಡಾವಣೆಗಳ ಒಳಗಿನ ಪುಟ್ಟ ಅಂಗಡಿಗಳಿರಲಿ, ಅವುಗಳ ಮೀನಿನ ದೊಡ್ಡ ಪಾಲು ಬರುವುದು ಚೆನ್ನೈನ ಕೊಳತ್ತೂರು ಕಡೆಯಿಂದ. ಮನೆಯ ಹಿತ್ತಲಲ್ಲಿ, ಮಾಳಿಗೆಯ ಮೇಲೆ, ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ, ಮೋಲಿ, ಗೋಲ್ಡ್ ಫಿಶ್, ಫೈಟರ್, ಏಂಜೆಲ್ ಮರಿ ಮಾಡಿಸುವ ಕುಟುಂಬಗಳ ಊರು ಅದು. ತಮಿಳುನಾಡು ಸರ್ಕಾರ ಆ ಭಾಗದಲ್ಲಿ ಅಲಂಕಾರಿಕ ಮೀನಿಗೆಂದೇ ವ್ಯಾಪಾರ ಸಂಕೀರ್ಣ ಕಟ್ಟಲು ಕೈಹಾಕಿತು ಅಂದರೆ ಅಲ್ಲಿನ ವಹಿವಾಟು ಎಷ್ಟಿರಬಹುದು ಊಹಿಸಿ. ದೇಶದ ಪೂರ್ವ ಭಾಗದಲ್ಲಿ ಇದೇ ರೀತಿ ಕೋಲ್ಕತ್ತಾ, ಹೌರಾ. ಮೊದಲು ದಾರಿ ಸರಳವಾಗಿತ್ತು. ಸಾಕುವವರು, ಹೋಲ್‌ಸೇಲ್‌ನವರು, ರಾತ್ರಿ ಬಸ್ಸು, ಅಂಗಡಿ, ನಾವು. ಈಗ ಸಾಕುವವರ ಕೈಯಲ್ಲೇ ಮೊಬೈಲ್ ಇದೆ. ಇನ್‌ಸ್ಟಾಗ್ರಾಂನಲ್ಲಿ ವಿಡಿಯೋ ಹಾಕುತ್ತಾರೆ, ವಾಟ್ಸ್ಆ್ಯಪ್‌ನಲ್ಲಿ ರೇಟು ಹೇಳುತ್ತಾರೆ, ದುಡ್ಡು ಯುಪಿಐನಲ್ಲಿ ಹೋಗುತ್ತದೆ. ಮಧ್ಯದ ಮೂರು ಕೈಗಳು ಮಾಯ. ಸಾಕುವವನಿಗೆ ಜಾಸ್ತಿ ದುಡ್ಡು, ಕೊಳ್ಳುವವನಿಗೆ ಕಡಿಮೆ ಬೆಲೆ. ಅಂಗಡಿಯವನ ಕಣ್ಣಿಂದ ನೋಡಿದರೆ ಅನ್ಯಾಯ, ಸಾಕುವವನ ಕಣ್ಣಿಂದ ನೋಡಿದರೆ ಇಷ್ಟು ವರ್ಷ ಆದದ್ದೇ ಅನ್ಯಾಯ. ಇಬ್ಬರ ಮಾತೂ ಸುಳ್ಳಲ್ಲ.

ಮೀನು ಬರುವುದು ಹೇಗೆ? ಪ್ಯಾಕ್ ಮಾಡುವ ಮುಂಚೆ ಒಂದೆರಡು ದಿನ ಅದಕ್ಕೆ ಊಟ ಹಾಕುವುದಿಲ್ಲ. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ನೀರು ಕೆಡುವುದು ಕಡಿಮೆ. ಪ್ಲಾಸ್ಟಿಕ್ ಕವರಿನ ಮೂರನೇ ಒಂದು ಭಾಗ ನೀರು, ಉಳಿದದ್ದು ಸಿಲಿಂಡರಿನಿಂದ ತುಂಬಿದ ಆಕ್ಸಿಜನ್. ಬಾಯಿ ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಸುತ್ತಿ, ಮೇಲೊಂದು ಕವರು, ಆಮೇಲೆ ಥರ್ಮಾಕೋಲ್ ಡಬ್ಬ. ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಹಾಕುವುದನ್ನು ನುರಿತ ಕೈ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತದೆ. ನಾನು ಒಮ್ಮೆ ಪ್ರಯತ್ನಿಸಿ ಪ್ಯಾಂಟು ಒದ್ದೆ ಮಾಡಿಕೊಂಡೆ, ಅದು ಬೇರೆ ಕಥೆ.

ಆ ಕವರಿನ ಒಳಗೆ ಒಂದು ರಸಾಯನಶಾಸ್ತ್ರ ನಡೆಯುತ್ತಿರುತ್ತದೆ. ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದು ನೀರಿನಲ್ಲಿ ಕರಗಿ ನೀರು ಹುಳಿಯ ಕಡೆಗೆ ತಿರುಗುತ್ತದೆ. ಅಂದರೆ ಪಿಎಚ್ ಇಳಿಯುತ್ತದೆ. ಮೀನು ಅಮೋನಿಯಾವನ್ನೂ ಹೊರಹಾಕುತ್ತದೆ, ಅದು ವಿಷ. ಆದರೆ ಪಿಎಚ್ ಕಡಿಮೆ ಇದ್ದಾಗ ಅದರ ಬಹುಪಾಲು ಅಮೋನಿಯಂ ಎಂಬ ಅಷ್ಟೇನೂ ಅಪಾಯವಿಲ್ಲದ ರೂಪದಲ್ಲಿ ಇರುತ್ತದೆ. ಎರಡು ದಿನ ಕವರಿನೊಳಗೆ ಮೀನು ಬದುಕುವುದು ಈ ಪುಣ್ಯದಿಂದ. ನಾವು ಕವರ್ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ. ಬಿಚ್ಚಿದ ಕವರಿಗೆ ಒಂದು ಗಂಟೆ ಹನಿಹನಿಯಾಗಿ ನೀರು ಸೇರಿಸುತ್ತಾ ಕೂತರೆ ಮೀನು ಆ ಗಂಟೆಯೆಲ್ಲ ವಿಷದಲ್ಲಿ ಇದ್ದಂತೆ. ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಮನೆಗೆ ತಂದ ಮೀನಿಗೆ ಹನಿಹನಿ ನೀರಿನ ಉಪಚಾರ ಒಳ್ಳೆಯದು. ಎರಡು ದಿನ ಪಯಣಿಸಿ ಬಂದ ಮೀನಿಗೆ ಅದೇ ಕೇಡು. ಅದಕ್ಕೆ ಕವರನ್ನು ಮುಚ್ಚಿದ ಹಾಗೆಯೇ ಟ್ಯಾಂಕಿನಲ್ಲಿ ತೇಲಿಬಿಟ್ಟು, ಬಿಸಿ ತಂಪು ಸಮ ಆದ ಮೇಲೆ ಬಿಚ್ಚಿ, ಮೀನನ್ನು ಬಲೆಯಲ್ಲಿ ಎತ್ತಿ ಬೇಗ ಹೊಸ ನೀರಿಗೆ ಬಿಡುವುದು ಮೇಲು. ಈ ವ್ಯತ್ಯಾಸ ಗೊತ್ತಿಲ್ಲದೆ ಆನ್‌ಲೈನ್ ಮೀನು ಕಳೆದುಕೊಂಡವರು ಎಷ್ಟೋ ಜನ. ಮೊದಲ ಸಲ ತರಿಸಿದಾಗ ನಾನೂ ಆರು ಟೆಟ್ರಾ ಕಳೆದುಕೊಂಡೆ. ಡಬ್ಬ ಬಿಚ್ಚುವ ವಿಡಿಯೋ ಕಳಿಸಿದರೆ ಮಾತ್ರ ದುಡ್ಡು ವಾಪಸ್ ಅನ್ನುವ ಷರತ್ತಿತ್ತು. ಮೀನು ಸತ್ತದ್ದು ಡಬ್ಬದಲ್ಲಲ್ಲ, ನನ್ನ ಟ್ಯಾಂಕಿಗೆ ಬಿಟ್ಟು ಮೂರು ಗಂಟೆ ಆದ ಮೇಲೆ. ಷರತ್ತಿನ ಹೊರಗೆ.

ಬಹಳಷ್ಟು ಕೊರಿಯರ್ ಕಂಪನಿಗಳ ನಿಯಮದಲ್ಲಿ ಜೀವ ಇರುವ ಪ್ರಾಣಿಗೆ ಜಾಗವೇ ಇಲ್ಲ. ಪ್ರಾಣಿಗಳ ಸಾಗಾಟದ ಬಗ್ಗೆ ನಮ್ಮಲ್ಲಿ 1978ರ ನಿಯಮಗಳಿವೆ. ಅದರಲ್ಲಿ ನಾಯಿ, ಬೆಕ್ಕು, ಕೋತಿ, ದನ, ಕುದುರೆ, ಕುರಿ, ಮೇಕೆಗೆಲ್ಲ ಅಧ್ಯಾಯ ಇದೆ, ಕೊರಿಯರಿನಲ್ಲಿ ಹೋಗುವ ಗಪ್ಪಿಗೆ ಇಲ್ಲ. ಅಂಗಡಿಗಳ ಮೇಲೆ ಮಾತ್ರ ಸರ್ಕಾರದ ಕಣ್ಣು ಒಮ್ಮೆ ಜೋರಾಗಿಯೇ ಬಿತ್ತು. 2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ತಂದಿತು. ದುಂಡನೆಯ ಬೌಲಿನಲ್ಲಿ ಮೀನು ಇಡುವಂತಿಲ್ಲ, ಪೂರ್ತಿ ಸಮಯದ ಪಶುವೈದ್ಯರೋ ಮೀನುಗಾರಿಕೆ ತಜ್ಞರೋ ಇರಬೇಕು, 158 ಜಾತಿಯ ಮೀನುಗಳ ಮಾರಾಟ ಕೂಡದು ಎಂದೆಲ್ಲ. ಬೌಲ್ ನಿಷೇಧ ನನ್ನ ಪ್ರಕಾರ ಸರಿಯೇ, ಬೌಲಿನಲ್ಲಿ ಗೋಲ್ಡ್ ಫಿಶ್ ಇಡುವುದು ಅದಕ್ಕೆ ನಿಧಾನವಾಗಿ ಉಸಿರು ಕಟ್ಟಿಸಿದ ಹಾಗೆ. ಆದರೆ ಹತ್ತಡಿ ಅಂಗಡಿ ಪೂರ್ತಿ ಸಮಯದ ಪಶುವೈದ್ಯರನ್ನು ಸಾಕುವುದು ಹೇಗೆ? ವ್ಯಾಪಾರಿಗಳು ಗಲಾಟೆ ಎಬ್ಬಿಸಿದರು, ಸರ್ಕಾರ ಆ ನಿಯಮಗಳನ್ನು ಹಿಂದಕ್ಕೆ ಪಡೆಯಿತು. ಅದರ ಜೊತೆಗೆ ಅದರಲ್ಲಿದ್ದ ಒಳ್ಳೆಯ ನಾಲ್ಕು ಮಾತೂ ಹೋದವು.

ಇಷ್ಟು ಹೇಳಿದ ಮೇಲೆ ಅಂಗಡಿಗಳ ತಪ್ಪನ್ನೂ ಹೇಳಬೇಕಲ್ಲ. ಇಲ್ಲದಿದ್ದರೆ ಇದು ಬರೀ ಕಣ್ಣೀರಿನ ಕಥೆಯಾಗುತ್ತದೆ.

ಹೊಸ ಟ್ಯಾಂಕಿನಲ್ಲಿ ಮೀನು ಯಾಕೆ ಸಾಯುತ್ತದೆ ಅನ್ನುವುದು ಗುಟ್ಟೇನಲ್ಲ. ಮೀನು ಬಿಡುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಮನೆ ಮಾಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಟ್ಯಾಂಕು ನೋಡಲು ಸ್ವಚ್ಛ, ಒಳಗೆ ವಿಷ. ಹಳೇ ಕಾಲದ ಎಷ್ಟು ಅಂಗಡಿಗಳು ಗಿರಾಕಿಗೆ ಇದನ್ನು ಹೇಳಿದವು? ಟ್ಯಾಂಕು, ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಸಿಪಾಯಿ ಗೊಂಬೆ, ಎಂಟು ಕೆಂಪು ಗೋಲ್ಡ್ ಫಿಶ್, ವಾಸ್ತುವಿಗೆ ಒಂದು ಕಪ್ಪು ಮೀನು, ಎಲ್ಲ ಒಂದೇ ದಿನ ಕಟ್ಟಿ ಕಳಿಸುತ್ತಿದ್ದರು. ವಾರದಲ್ಲಿ ಐದು ಸಾಯುತ್ತಿತ್ತು. "ದೃಷ್ಟಿ ತಗೊಂಡು ಹೋಯ್ತು" ಅಂತ ಮನೆಯವರು ಸಮಾಧಾನ ಮಾಡಿಕೊಂಡು ಮತ್ತೆ ಐದು ತರುತ್ತಿದ್ದರು. ಗೋಲ್ಡ್ ಫಿಶ್ ಸರಿಯಾಗಿ ಸಾಕಿದರೆ ಹತ್ತು ವರ್ಷ ದಾಟಿ ಬದುಕುವ ಮೀನು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಈಗಲೂ ಗೊತ್ತಿಲ್ಲ.

ಕಹಿ ಅನಿಸಿದರೂ ಹೇಳುತ್ತೇನೆ. ಈ ವ್ಯಾಪಾರದ ಒಂದು ಕಾಲು ನಿಂತಿದ್ದದ್ದು ಮೀನಿನ ಸಾವಿನ ಮೇಲೆ. ಗಿರಾಕಿ ಮತ್ತೆ ಮತ್ತೆ ಬರುತ್ತಿದ್ದದ್ದು ಮೀನು ಮತ್ತೆ ಮತ್ತೆ ಸಾಯುತ್ತಿದ್ದರಿಂದ. ಆಮೇಲೆ ಯೂಟ್ಯೂಬ್ ಬಂತು. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತವರು ಬ್ಯಾಕ್ಟೀರಿಯಾ, ಪಿಎಚ್, ಜೀವಂತ ಗಿಡ ಅಂತ ಕಲಿತರು. ಕಲಿತವರ ಮೀನು ಸಾಯುವುದು ಕಡಿಮೆಯಾಯ್ತು. ಕಲಿತವರಿಗೆ ಬೇಕಾದದ್ದು ಬೇರೆ: ನೀರು ಪರೀಕ್ಷೆ ಮಾಡುವ ಕಿಟ್, ಗಿಡಕ್ಕೆ ಬೇಕಾದ ಮಣ್ಣು, ಒಳ್ಳೆಯ ಲೈಟು, ಬಕೆಟ್ಟಿನಷ್ಟು ದೊಡ್ಡ ಕ್ಯಾನಿಸ್ಟರ್ ಫಿಲ್ಟರ್. ಅಂಗಡಿಗೆ ಹೋಗಿ ಟೆಸ್ಟ್ ಕಿಟ್ ಕೇಳಿದರೆ, "ಅದೆಲ್ಲ ಯಾಕ್ ಸಾರ್, ನೀರು ಚೆನ್ನಾಗೇ ಇದೆ" ಅನ್ನುವ ಉತ್ತರ. ಆನ್‌ಲೈನಲ್ಲಿ ಕಿಟ್ ಇತ್ತು. ಅಂದರೆ ಬಹಳ ಗಿರಾಕಿಗಳು ಮೊದಲು ಅಂಗಡಿ ಬಿಟ್ಟದ್ದು ಬೆಲೆಗೋಸ್ಕರ ಅಲ್ಲ, ಅಲ್ಲಿ ಬೇಕಾದ್ದು ಇರಲಿಲ್ಲ ಅಂತ. ಬೆಲೆ ಆಮೇಲೆ ಬಂದ ನೆಪ. ಇನ್ನು ಚಿತ್ರದುರ್ಗದಲ್ಲೋ ಹಾಸನದಲ್ಲೋ ಕೂತು ಗಿಡದ ಟ್ಯಾಂಕು ಮಾಡುವ ಆಸೆ ಇರುವವರಿಗೆ ಆನ್‌ಲೈನ್ ಬಿಟ್ಟರೆ ಬೇರೆ ದಾರಿಯಾದರೂ ಏನಿದೆ?

ಕಾನೂನಿನ ದಾರಿಯಲ್ಲಿ ಸಣ್ಣ ವ್ಯಾಪಾರಿಗೆ ರಕ್ಷಣೆ ಸಿಗಬಹುದಾ ಅಂತ ಕೆಲವರು ಕೇಳುತ್ತಾರೆ. ವಿದೇಶಿ ಬಂಡವಾಳದ ಇ-ಕಾಮರ್ಸ್ ಕಂಪನಿಗಳು ಮಾರುಕಟ್ಟೆ ಮಾತ್ರ ನಡೆಸಬೇಕು, ಸ್ವಂತ ದಾಸ್ತಾನು ಇಟ್ಟು ಮಾರಬಾರದು, ಬೆಲೆಯ ಮೇಲೆ ಪ್ರಭಾವ ಬೀರಬಾರದು ಅನ್ನುವ ಬಿಗಿ ನಿಯಮ 2019ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ದೆಹಲಿಯ ವ್ಯಾಪಾರಿಗಳ ದೂರಿನ ಮೇಲೆ 2020ರ ಜನವರಿಯಲ್ಲಿ, ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಅದನ್ನು ತಡೆಯಲು ಆ ಕಂಪನಿಗಳು ಹಾಕಿದ ಅರ್ಜಿಗಳನ್ನು ನಮ್ಮ ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ಆ ಜಗಳದ ಕೇಂದ್ರದಲ್ಲಿ ಇದ್ದದ್ದು ಮೊಬೈಲ್ ಫೋನು. ಅಕ್ವೇರಿಯಂ ಅಂಗಡಿಗೆ ಇದರಿಂದ ಏನೂ ಒದಗದು ಅಂತ ನನಗನಿಸುತ್ತದೆ. ಯಾಕೆಂದರೆ ಆನ್‌ಲೈನಲ್ಲಿ ಅಗ್ಗಕ್ಕೆ ಫಿಲ್ಟರ್ ಮಾರುತ್ತಿರುವವನು ಎಷ್ಟೋ ಸಲ ಇದೇ ಅಂಗಡಿಗೆ ಮಾಲು ಕೊಡುವ ಹೋಲ್‌ಸೇಲ್‌ನವನೇ. ಅವನೂ ಸಣ್ಣವನೇ. ಅಂಗಡಿಗೆ ಹತ್ತು ಕೊಡುವ ಬದಲು ನೇರವಾಗಿ ನಮಗೆ ಒಂದೊಂದೇ ಕೊಡುತ್ತಿದ್ದಾನೆ. ಈಗ ಹತ್ತು ನಿಮಿಷದ ಡೆಲಿವರಿ ಆ್ಯಪ್‌ಗಳಲ್ಲಿ ಹಾಲು, ಕೊತ್ತಂಬರಿ ಸೊಪ್ಪಿನ ಜೊತೆ ಮೀನಿನ ಆಹಾರವೂ ಬರುತ್ತದೆ.

ಹಾಗಾದರೆ ಅಂಗಡಿಯ ಹತ್ತಿರ ಉಳಿದಿರುವುದು ಏನು?

ಮೊದಲನೆಯದು ಗಾಜು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ್ದಾದರೆ 250 ಲೀಟರ್ ದಾಟುತ್ತದೆ, ಅಂದರೆ ಕಾಲು ಟನ್ ಭಾರ. ಅದನ್ನು ತಡೆಯುವ ಗಾಜನ್ನು ಕೊರಿಯರ್ ಹುಡುಗ ಸ್ಕೂಟರಿನಲ್ಲಿ ತರಲಾರ. ಅಳತೆಗೆ ಗಾಜು ಕತ್ತರಿಸಿ, ಸಿಲಿಕೋನ್ ಹಾಕಿ ಅಂಟಿಸಿ, ನೀರು ತುಂಬಿ ಸೋರುತ್ತಾ ಅಂತ ನೋಡಿ, ಆಟೋದಲ್ಲಿ ಹಳೇ ಗೋಣಿಚೀಲದ ಮೇಲೆ ಮಲಗಿಸಿ ತಂದು ಮೂರನೇ ಮಹಡಿಗೆ ಹತ್ತಿಸುವುದು ಅಂಗಡಿಯ ಕೆಲಸವಾಗಿಯೇ ಉಳಿದಿದೆ.

ಎರಡನೆಯದು ನೀರು. ನನಗೆ ಇದೇ ಮುಖ್ಯ. ಬೆಂಗಳೂರಿನಲ್ಲಿ ಒಂದು ಬೀದಿಗೆ ಸುಮಾರು 100 ಕಿಲೋಮೀಟರ್ ಆಚೆಯಿಂದ ಕಾವೇರಿ ನೀರು ಬರುತ್ತದೆ, ಪಕ್ಕದ ಬೀದಿಗೆ ಬೋರ್‌ವೆಲ್, ಅದರಾಚೆಯ ಅಪಾರ್ಟ್‌ಮೆಂಟಿಗೆ ಟ್ಯಾಂಕರ್. ಕಾವೇರಿ ನೀರು ಸಾಮಾನ್ಯವಾಗಿ ಮೆದು, ಆದರೆ ಕ್ಲೋರಿನ್ ಇರುತ್ತದೆ. ಒಂದು ದಿನ ಬಕೆಟ್ಟಿನಲ್ಲಿ ಹಿಡಿದಿಟ್ಟು ಹಾಕಬೇಕು. ಬೋರ್‌ವೆಲ್ ನೀರು ಗಡಸು, ಪಾತ್ರೆಯ ಮೇಲೆ ಬಿಳಿ ಕಲೆ ಕೂರುವಂಥದ್ದು. ಗಪ್ಪಿ, ಮೋಲಿಗೆ ಗಡಸು ನೀರು ಇಷ್ಟ. ಡಿಸ್ಕಸ್, ಟೆಟ್ರಾಗಳಿಗೆ ಮೆದು ನೀರು ಬೇಕು. ಕೆಲವರು ಬುದ್ಧಿವಂತಿಕೆ ಮಾಡಿ ಆರ್‌ಒ ನೀರನ್ನೇ ತುಂಬುತ್ತಾರೆ. ಅದರಲ್ಲಿ ಖನಿಜ ಬಹಳ ಕಡಿಮೆ, ಮೀನು ಒದ್ದಾಡುತ್ತದೆ. 2024ರ ಬೇಸಿಗೆಯ ನೀರಿನ ಬರದಲ್ಲಿ ಎಷ್ಟೋ ಮನೆಗಳಲ್ಲಿ ವಾರಕ್ಕೊಮ್ಮೆ ನೀರು ಬದಲಿಸುವುದೇ ಪಾಪದಂತೆ ಆಗಿತ್ತು. ಟ್ಯಾಂಕರ್ ನೀರು ಇವತ್ತು ಒಂದು ಥರ, ನಾಳೆ ಇನ್ನೊಂದು ಥರ. ಅಂಗಡಿಯ ಮೀನು ಇದೇ ಪ್ರದೇಶದ ನೀರಿನಲ್ಲಿ ಒಂದೆರಡು ವಾರ ಬದುಕಿ ತೋರಿಸಿರುತ್ತದೆ. "ನಿಮ್ಮ ಏರಿಯಾದಲ್ಲಿ ಡಿಸ್ಕಸ್ ಬೇಡ ಸಾರ್, ಉಳಿಯಲ್ಲ" ಅಂತ ಹೇಳಿ ತನ್ನದೇ 2,000 ರೂಪಾಯಿಯ ವ್ಯಾಪಾರ ಬಿಟ್ಟುಕೊಟ್ಟ ಅಂಗಡಿಯವರನ್ನು ನಾನು ನೋಡಿದ್ದೇನೆ. ಯಾವ ಆ್ಯಪ್ ನಿಮ್ಮ ನಲ್ಲಿಯ ನೀರು ಯಾವುದು ಅಂತ ಕೇಳುತ್ತದೆ?

ಇನ್ನೊಂದು ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೇಡವಾದ ಮೀನು. ಎರಡಿಂಚಿನ ಸಕ್ಕರ್ ಮೀನನ್ನು ಟ್ಯಾಂಕ್ ಕ್ಲೀನ್ ಮಾಡುತ್ತೆ ಅಂತ ತರುತ್ತೇವೆ, ಅದು ಅಡಿಗಿಂತ ಉದ್ದ ಬೆಳೆಯುತ್ತದೆ. ಆಮೇಲೆ? ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಈ ಮೀನು ಈಗ ಕೋಲ್ಕತ್ತಾದ ಜೌಗು ಪ್ರದೇಶದ ಮೀನು ಸಾಕುವವರಿಗೆ ತಲೆನೋವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಮೊಸಳೆ ಮೂತಿಯ ಅಲಿಗೇಟರ್ ಗಾರ್ ಸಿಕ್ಕಿತು, ಉತ್ತರ ಅಮೆರಿಕದ ಮೀನು. ನಮ್ಮ ಅಂಗಡಿಯ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮಿದೆ. ಬೇಡವಾದ ಸಕ್ಕರ್, ದೊಡ್ಡದಾದ ಶಾರ್ಕ್ (ಹೆಸರಿಗಷ್ಟೇ ಶಾರ್ಕ್, ಅದೂ ಟ್ಯಾಂಕಿನ ಮೀನೇ), ಜಗಳಗಂಟ ಸಿಕ್ಲಿಡ್ ಎಲ್ಲ ಅದರಲ್ಲಿ. ಗಿರಾಕಿಗಳು ತಂದು ಬಿಟ್ಟದ್ದು. ಆನ್‌ಲೈನಲ್ಲಿ ಫಿಲ್ಟರ್ ವಾಪಸ್ ಮಾಡಬಹುದು, ದೊಡ್ಡದಾದ ಮೀನು ವಾಪಸ್ ಮಾಡುವ ಬಟನ್ ಎಲ್ಲೂ ಇಲ್ಲ. ಹಾಗಂತ ಆ ಸಕ್ಕರ್ ಮರಿಗಳನ್ನು "ಕ್ಲೀನರ್" ಅಂತ ಮಾರಿದವರೂ ಅಂಗಡಿಯವರೇ, ಅದನ್ನೂ ಮರೆಯಬಾರದು.

ಇಲ್ಲೇ ಮೀನು ಮರಿ ಮಾಡಿಸಿದರೆ ಹೇಗೆ? ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಶುರುವಾಯ್ತು. ಹಿತ್ತಲಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಅಂತ ಲೆಕ್ಕ ಹಿಡಿದು ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ 60 ಸಹಾಯಧನ ಅದರಲ್ಲಿದೆ. ಊರ ಹೊರಗೆ ಸ್ವಲ್ಪ ಜಾಗ ಇರುವ ಅಂಗಡಿಯವರು ಇದನ್ನು ಹಿಡಿದರೆ ಕೊಳತ್ತೂರಿನ ಬಸ್ಸಿಗೆ ಕಾಯಬೇಕಿಲ್ಲ. ಆದರೆ ಬೆಂಗಳೂರಿನಲ್ಲಿ ಸ್ವಲ್ಪ ಜಾಗ ಅನ್ನುವುದೇ ದೊಡ್ಡ ಮಾತು. ಇದು ತುಮಕೂರು, ಕೋಲಾರದ ಕಡೆಯವರಿಗೆ ಹೊಂದುವ ದಾರಿ.

ಉಳಿದುಕೊಂಡಿರುವ ಅಂಗಡಿಗಳನ್ನು ನೋಡಿದರೆ ಒಂದು ವಿಷಯ ಕಾಣುತ್ತದೆ. ಅವರು ಡಬ್ಬದ ಬೆಲೆಯಲ್ಲಿ ಗುದ್ದಾಡುವುದನ್ನು ಬಿಟ್ಟಿದ್ದಾರೆ, ಕೈಕೆಲಸಕ್ಕೆ ದುಡ್ಡು ಕೇಳಲು ಕಲಿತಿದ್ದಾರೆ. ಆಸ್ಪತ್ರೆ, ಹೋಟೆಲು, ಆಫೀಸುಗಳ ಟ್ಯಾಂಕುಗಳನ್ನು ತಿಂಗಳಿಗಿಷ್ಟು ಅಂತ ಒಪ್ಪಿಕೊಂಡು ತೊಳೆಯುತ್ತಾರೆ. ಆನ್‌ಲೈನಲ್ಲಿ ತಂದ ಫಿಲ್ಟರ್ ಕೆಟ್ಟರೆ ಅದರೊಳಗೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್ ಬದಲಿಸಿ ಕೊಡುತ್ತಾರೆ, ಮಜೂರಿ ತೆಗೆದುಕೊಳ್ಳುತ್ತಾರೆ. ಕೆಲವರು ನೀರು ಪರೀಕ್ಷೆಗೂ ದುಡ್ಡು ಕೇಳುತ್ತಾರೆ. ಮೊದಮೊದಲು ಗಿರಾಕಿ ಮುಖ ಸಿಂಡರಿಸುತ್ತಾನೆ. ನಲವತ್ತು ವರ್ಷ ಪುಕ್ಕಟೆ ಸಿಕ್ಕಿದ್ದಕ್ಕೆ ಈಗ ರೇಟ್ ಹೇಳಿದರೆ ಸಿಟ್ಟು ಬರುವುದು ಸಹಜ ಅಲ್ವಾ? ಡಾಕ್ಟರ ಹತ್ತಿರ ಕನ್ಸಲ್ಟೇಶನ್ ಫೀಸ್ ಕೊಟ್ಟು, ಮಾತ್ರೆ ಬೇರೆ ಅಂಗಡಿಯಲ್ಲಿ ತರುವುದು ನಮಗೆ ವಿಚಿತ್ರ ಅನಿಸುವುದಿಲ್ಲ. ಮೀನಿನ ವಿಷಯದಲ್ಲಿ ಅದು ಇನ್ನೂ ಅಭ್ಯಾಸವಾಗಿಲ್ಲ.

ನಮ್ಮ ಅಂಗಡಿಯವರು ಕಳೆದ ವರ್ಷದಿಂದ ಇದೇ ದಾರಿ ಹಿಡಿದಿದ್ದಾರೆ. ಬೆಳಗ್ಗೆ ಸ್ಕೂಟರಿಗೆ ಎರಡು ಬಕೆಟ್, ಒಂದು ಉದ್ದನೆಯ ಪೈಪು, ಗಾಜು ಉಜ್ಜುವ ಅಯಸ್ಕಾಂತದ ಬ್ರಷ್ ಕಟ್ಟಿಕೊಂಡು ಹೊರಡುತ್ತಾರೆ. ದಿನಕ್ಕೆ ನಾಲ್ಕೈದು ಟ್ಯಾಂಕು. ಅಂಗಡಿಯಲ್ಲಿ ಕೂತು ದುಡಿದದ್ದಕ್ಕಿಂತ ಇದೇ ವಾಸಿಯಂತೆ. ಫಿಲ್ಟರುಗಳ ರ‍್ಯಾಕು ಅರ್ಧ ಖಾಲಿ ಮಾಡಿ ಅಲ್ಲಿ ಇನ್ನೂ ಎರಡು ಮೀನಿನ ಟ್ಯಾಂಕು ಇಟ್ಟಿದ್ದಾರೆ. ಈಗ ಅಂಗಡಿ ತೆರೆಯುವುದು ಮಧ್ಯಾಹ್ನ ಮೂರಕ್ಕೆ. ಅದಕ್ಕೂ ಮೊದಲು ಹೋದರೆ ಶಟರ್ ಮೊಣಕಾಲವರೆಗೆ ಎಳೆದಿರುತ್ತದೆ. ಬಗ್ಗಿ ನೋಡಿದರೆ ನೀಲಿ ಬೆಳಕು, ಪಂಪುಗಳ ಗುಳುಗುಳು, ಡ್ರಮ್ಮಿನಲ್ಲಿ ಯಾವುದೋ ಸಕ್ಕರ್ ಮೀನು ಬಾಲ ಬಡಿಯುವ ಸದ್ದು.